ಈಹಾಮೃಗಗಳು: ತೊಂಡೇಬಾವಿ ಸೀಮೆಯ ಕಲ್ಲು, ಕಥೆ, ನೀರು

ಈಹಾಮೃಗ ಎಂದರೆ ಕಾಡಿನಲ್ಲಿ ಹುಟ್ಟದೆ ಮನುಷ್ಯನ ಕಲ್ಪನೆಯಲ್ಲಿ ಹುಟ್ಟಿ, ಕಲ್ಲಿನಲ್ಲಿ, ಮರದಲ್ಲಿ, ಕಥೆಯಲ್ಲಿ ಬೆಳೆದ ಪ್ರಾಣಿ. ‘ಈಹೆ’ ಎಂದರೆ ಬಯಕೆ. ವಾಲ್ಮೀಕಿ ರಾಮಾಯಣದಲ್ಲಿ ಪುಷ್ಪಕ ವಿಮಾನದ ಕೆತ್ತನೆಗಳನ್ನು ವರ್ಣಿಸುವಾಗ ಈ ಮಾತು ಬರುತ್ತದೆ. ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ ಒಂದಕ್ಕೂ ಇದೇ ಹೆಸರಿದೆ, ಅದು ಬೇರೆ ಸಂಗತಿ. ಯಾಳಿ, ಮಕರ, ಶರಭ, ಗಂಡಭೇರುಂಡ, ಕೀರ್ತಿಮುಖ, ಪುರುಷಾಮೃಗಗಳು ಈ ಗುಂಪಿನವು. ನಾಗ, ನಂದಿ, ಗರುಡ, ಹಂಸಗಳು ಕಣ್ಣಿಗೆ ಕಾಣುವ ಪ್ರಾಣಿಗಳೇ ಆದರೂ ಐತಿಹ್ಯದ ಬಲದಿಂದ ಇದೇ ಗುಂಪಿಗೆ ಬಂದು ಸೇರಿವೆ.

ಕರ್ನಾಟಕದಲ್ಲಿ ಇವುಗಳ ವಿಷಯ ಬಂದರೆ ಮಾತು ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಹಂಪೆಗಳಿಂದ ಶುರುವಾಗುತ್ತದೆ. ಇಲ್ಲಿ ತೊಂಡೇಬಾವಿಯಿಂದ ಶುರುಮಾಡಲು ಕಾರಣವಿದೆ. ಇದು ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಹೋಬಳಿ ಊರು, ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲುದಾರಿಯ ಒಂದು ನಿಲ್ದಾಣ. ದಕ್ಷಿಣಕ್ಕೆ ಮಾಕಳಿದುರ್ಗವೂ ಘಾಟಿ ಸುಬ್ರಹ್ಮಣ್ಯವೂ ಇವೆ; ಆಗ್ನೇಯಕ್ಕೆ ನಂದಿಬೆಟ್ಟ; ಉತ್ತರಕ್ಕೆ ವಿದುರಾಶ್ವತ್ಥ, ರಾಜ್ಯದ ಗಡಿ ದಾಟಿದರೆ ಲೇಪಾಕ್ಷಿ; ಪೂರ್ವದಲ್ಲಿ ದೂರಕ್ಕೆ ಚಿಂತಾಮಣಿಯ ಕೈವಾರ. ಒಂದೆರಡು ದಿನದ ತಿರುಗಾಟದಲ್ಲಿ ಸರ್ಪ, ಗೂಳಿ, ಹದ್ದು, ರಾಕ್ಷಸ ಎಲ್ಲರ ನೆಲೆಗಳನ್ನೂ ನೋಡಿ ಬರಬಹುದು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಂಬ ನದಿಗಳು ಹುಟ್ಟುತ್ತವೆ ಎಂಬ ಹೆಮ್ಮೆ ಏನೋ ಇದೆ, ಆದರೆ ಹುಟ್ಟಿದ ಕಡೆ ಅವುಗಳ ಪಾತ್ರದಲ್ಲಿ ಬಹುಪಾಲು ಮರಳೇ. ಊರಿನ ಹೆಸರಿನಲ್ಲೇ ಬಾವಿ ಇರುವ ಇಂಥ ಕಡೆ ಜನ ನೆಚ್ಚಿಕೊಂಡ ಮೃಗ ಯಾವುದು ಎಂದು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಹೆದರಿಸುವ ಮೃಗಕ್ಕಿಂತ ನೀರು ತೋರಿಸುವ, ನೀರು ಕಾಯುವ ಮೃಗಕ್ಕೇ ಇಲ್ಲಿ ಪೂಜೆ ಹೆಚ್ಚು.

ನಾಗ

ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೊರಟರೆ ಸಿಗುವ ವಿದುರಾಶ್ವತ್ಥ ನಾಗರಕಲ್ಲುಗಳ ಊರು. ಮಹಾಭಾರತದ ವಿದುರ ನೆಟ್ಟದ್ದೆಂದು ನಂಬಿದ ಅಶ್ವತ್ಥ ಮರವಿದ್ದ ಜಾಗದ ಸುತ್ತ ಸಾಲುಸಾಲಾಗಿ, ಒಂದರ ಬೆನ್ನಿಗೊಂದು ಒರಗಿಕೊಂಡು ನಿಂತ ಕಲ್ಲುಗಳನ್ನು ಎಣಿಸಲು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ಹರಕೆ ಹೊತ್ತವರು, ಮಕ್ಕಳಿಲ್ಲದವರು, ಸರ್ಪದೋಷ ಇದೆಯೆಂದು ಜೋಯಿಸರಿಂದ ಹೇಳಿಸಿಕೊಂಡವರು ತಲೆಮಾರುಗಳಿಂದ ತಂದು ನಿಲ್ಲಿಸಿದ ಕಲ್ಲುಗಳಿವು. ರೂಪದಲ್ಲಿ ಮೂರು ಬಗೆ ಹೆಚ್ಚು: ಹೆಡೆಯೆತ್ತಿದ ಒಂಟಿ ಹಾವು, ಹೆಣೆದುಕೊಂಡ ಜೋಡಿ ಹಾವಿನ ನಡುವೆ ಲಿಂಗ, ಸೊಂಟದವರೆಗೆ ಹೆಣ್ಣಾಗಿ ಕೆಳಗೆ ಹಾವಾಗಿರುವ ನಾಗಿಣಿ. ಹೆಡೆಗಳ ಸಂಖ್ಯೆ ಒಂದು, ಮೂರು, ಐದು, ಏಳು ಹೀಗೆ ಬೆಸವಾಗಿಯೇ ಇರುತ್ತದೆ.

ಹೊಸ ನಾಗರಕಲ್ಲನ್ನು ಕೆತ್ತಿದ ಕೂಡಲೇ ಪ್ರತಿಷ್ಠೆ ಮಾಡುವ ಹಾಗಿಲ್ಲ. ಅದನ್ನು ಬಾವಿಯಲ್ಲೋ ಕೆರೆಯಲ್ಲೋ ಕೆಲಕಾಲ ನೀರಿನೊಳಗೆ ಇಟ್ಟು, ಆಮೇಲೆ ಅಶ್ವತ್ಥ ಬೇವುಗಳ ಕಟ್ಟೆಗೆ ತರುವುದು ಹಳೆಯ ಪದ್ಧತಿ. ಜಲಾಧಿವಾಸ ಎಂದು ಅದಕ್ಕೆ ಹೆಸರು. ಕಲ್ಲಿಗೆ ಜೀವ ಬರುವುದು ನೀರಿನಲ್ಲಿ ನೆನೆದ ಮೇಲೆಯೇ. ಈ ಕ್ರಮ ಇತರ ವಿಗ್ರಹಗಳಿಗೂ ಉಂಟು, ಆದರೆ ನಾಗನ ಮಟ್ಟಿಗೆ ಅದಕ್ಕೆ ಇನ್ನೊಂದು ಅರ್ಥ ಕೂಡಿಕೊಳ್ಳುತ್ತದೆ. ಹುತ್ತ ಇರುವ ಕಡೆ ನೆಲದಡಿ ನೀರಿದೆ ಎಂಬುದು ಬಾವಿ ತೋಡುವವರ ಹಳೆಯ ನಂಬಿಕೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ‘ದಕಾರ್ಗಲ’ ಎಂಬ ಅಧ್ಯಾಯ ಇರುವುದೇ ಅಂತರ್ಜಲ ಹುಡುಕುವುದಕ್ಕೆ: ಯಾವ ಮರದ ಪಕ್ಕ, ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂದು ಅದು ಲೆಕ್ಕ ಕೊಡುತ್ತದೆ. ಹುತ್ತ ಕಟ್ಟುವುದು ಗೆದ್ದಲು, ಹಾವಲ್ಲ. ಗೆದ್ದಲಿಗೆ ತೇವ ಬೇಕು, ತೇವದ ತಂಪಿಗೆ ಹಾವು ಬಂದು ಸೇರುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಎಂಬ ಗಾದೆಯಲ್ಲಿ ಇಷ್ಟೂ ಜೀವಶಾಸ್ತ್ರ ಅಡಗಿದೆ. ಹಾವು ನೀರಿನ ಕಾವಲುಗಾರನಾದದ್ದು ಹೀಗೆ ಇರಬೇಕು.

ಹುತ್ತಕ್ಕೆ ತನಿ ಎರೆಯುವ ದಿನವೂ ಈ ಸೀಮೆಯಲ್ಲಿ ಎರಡಾಗಿದೆ. ಕನ್ನಡದ ಮನೆಗಳಿಗೆ ಶ್ರಾವಣದ ನಾಗರಚೌತಿ, ಪಂಚಮಿ. ತೆಲುಗು ಮನೆಮಾತಿನವರಿಗೆ ದೀಪಾವಳಿ ಕಳೆದ ಮೇಲಿನ ನಾಗುಲ ಚವಿತಿ. ಒಂದೇ ಬೀದಿಯ ಒಂದೇ ಹುತ್ತಕ್ಕೆ ವರ್ಷಕ್ಕೆ ಎರಡು ಸಲ ಹಾಲು ಬೀಳುವುದುಂಟು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂಬುದು ಎರೆಯುವವರಿಗೂ ಗೊತ್ತು.

ಘಾಟಿ ಸುಬ್ರಹ್ಮಣ್ಯದಲ್ಲಿ ನಾಗನ ಕಥೆಗೆ ಗರುಡ ಬಂದು ಸೇರುತ್ತಾನೆ. ಗರುಡನ ಬಾಯಿಂದ ಸರ್ಪಕುಲವನ್ನು ಉಳಿಸಲು ಸುಬ್ರಹ್ಮಣ್ಯ ನರಸಿಂಹನ ಮೊರೆಹೊಕ್ಕನಂತೆ. ಅದಕ್ಕೇ ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ಮುಖ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಇದೇ ಹಗೆಯ ಕಥೆ ಕುಕ್ಕೆಯಲ್ಲಿ ವಾಸುಕಿಯ ಹೆಸರಿನಲ್ಲಿದೆ. ಘಾಟಿಯಲ್ಲಿ ಚಳಿಗಾಲದಲ್ಲಿ ದನಗಳ ಜಾತ್ರೆ ಸೇರುತ್ತದೆ: ಗುಡಿಯೊಳಗೆ ಸರ್ಪ, ಬಯಲಿನಲ್ಲಿ ಹಳ್ಳಿಕಾರ್ ಎತ್ತು.

ಲೇಪಾಕ್ಷಿಯ ಏಳು ಹೆಡೆಯ ನಾಗ ಇವೆಲ್ಲಕ್ಕಿಂತ ದೊಡ್ಡದು. ಅಡುಗೆಯಾಗುವಷ್ಟರಲ್ಲಿ, ಊಟಕ್ಕೆ ಕಾದು ಕುಳಿತಿದ್ದ ಶಿಲ್ಪಿಗಳು ಪಕ್ಕದ ಬಂಡೆಯಲ್ಲೇ ಅದನ್ನು ಕೆತ್ತಿ ಮುಗಿಸಿದರು ಎಂದು ಊರಿನವರು ಹೇಳುತ್ತಾರೆ. ಬಂಡೆಯ ಗಾತ್ರ ನೋಡಿದವರಿಗೆ ಅಡುಗೆ ಯಾವ ಸೌದೆಯಲ್ಲಿ ಬೇಯುತ್ತಿತ್ತೋ ಎನಿಸದಿರದು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಹಾವಿನ ಜಾಗವನ್ನು ಚೇಳು ಹಿಡಿದಿದೆ. ಅಲ್ಲಿನ ಚೇಳಮ್ಮನಿಗೆ ನಡೆದುಕೊಂಡರೆ ಚೇಳಿನ ಕಾಟವಿಲ್ಲ ಎಂಬ ನಂಬಿಕೆ.

ನೀರು ತಂದ ಬಸವ

ನಂದಿಬೆಟ್ಟದ ಬುಡದಲ್ಲಿ ಭೋಗನಂದೀಶ್ವರ ದೇವಾಲಯವಿದೆ. ಹುಟ್ಟು 9ನೆಯ ಶತಮಾನದ ಆರಂಭಕ್ಕೆ ಹೋಗುತ್ತದೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದರು. ಅದರ ಆವರಣದ ದೊಡ್ಡ ಕಲ್ಯಾಣಿಗೆ ಶೃಂಗಿತೀರ್ಥ ಎಂದು ಹೆಸರು. ಶೃಂಗ ಎಂದರೆ ಕೊಂಬು. ನಂದಿ ತನ್ನ ಕೊಂಬಿನಿಂದ ನೆಲ ಇರಿದು ಗಂಗೆಯನ್ನು ಮೇಲಕ್ಕೆ ತಂದ ಜಾಗವಿದು ಎನ್ನುತ್ತದೆ ಸ್ಥಳಪುರಾಣ. ಉಕ್ಕೆ ಹೊಡೆಯುವ ಎತ್ತನ್ನು ದಿನಾ ನೋಡುವ ಜನಕ್ಕೆ ಈ ಚಿತ್ರ ಬಹಳ ಹತ್ತಿರದ್ದು.

ಇದೇ ಕಥೆ ಸುತ್ತಲೂ ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ. ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಬುಗ್ಗೆಯ ನೀರು ಕಲ್ಲುಬಸವನ ಬಾಯಿಂದ ಕಲ್ಯಾಣಿಗೆ ಬೀಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಎದುರು 1997ರಲ್ಲಿ ಮಣ್ಣು ತೆಗೆದಾಗ ಸಿಕ್ಕ ದಕ್ಷಿಣಮುಖ ನಂದಿಯೂ ಹಾಗೆಯೇ, ಬಾಯಿಂದ ಹರಿದ ನೀರು ಕೆಳಗಿನ ಲಿಂಗದ ಮೇಲೆ ಬೀಳುತ್ತದೆ. ಬಸವನಗುಡಿಯ ದೊಡ್ಡ ಬಸವನದು ತುಂಟ ಕಥೆ. ಕಡಲೆಕಾಯಿ ಹೊಲಕ್ಕೆ ರಾತ್ರಿ ನುಗ್ಗುತ್ತಿದ್ದ ಗೂಳಿಗೆ ರೈತ ದೊಣ್ಣೆಯಲ್ಲಿ ಬಾರಿಸಿದ. ಗೂಳಿ ಅಲ್ಲೇ ಕಲ್ಲಾಯಿತು, ಆದರೂ ಬೆಳೆಯುತ್ತಲೇ ಇತ್ತು. ಬೆಳೆಯದಿರಲೆಂದು ತಲೆಗೆ ಕಬ್ಬಿಣದ ಗೂಟ ಬಡಿದರು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಇದೇ ಮೂಲ. ಈ ಬಸವನ ಪಾದದಲ್ಲಿ ಹುಟ್ಟುವುದೆಂದು ಹೇಳುವ ನದಿಯ ಹೆಸರು ವೃಷಭಾವತಿ. ಬಸವ ಇಲ್ಲೂ ನೀರನ್ನು ಬಿಟ್ಟಿಲ್ಲ. ನದಿ ಇಂದು ಏನಾಗಿದೆ ಎಂಬುದನ್ನು ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಓಡಾಡುವವರು ಹೇಳಬಲ್ಲರು.

ಲೇಪಾಕ್ಷಿಯ ಏಕಶಿಲಾ ನಂದಿ ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. 16ನೆಯ ಶತಮಾನದಲ್ಲಿ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಾಲಯದಿಂದ ಸ್ವಲ್ಪ ದೂರದಲ್ಲಿ ಅದು ಕುಳಿತಿದೆ. ಗಡಿಯ ಆಚೆಗಿದ್ದರೂ ಅಲ್ಲಿ ಕನ್ನಡ ಶಾಸನಗಳಿವೆ. ಊರಿನ ಹೆಸರಿಗೆ ಮಾತ್ರ ತೆಲುಗಿನ ಕಥೆ: ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡು ಬಿದ್ದ ಜಟಾಯುವನ್ನು ಕಂಡು ರಾಮ ‘ಲೇ, ಪಕ್ಷೀ’, ಅಂದರೆ ಏಳು ಹಕ್ಕಿಯೇ, ಎಂದನಂತೆ.

ಗುಡಿಯ ಮೇಲಿನವು

ಶಿಲ್ಪಿಯ ಮೃಗಗಳಿಗೆ ಆಕಾರಕ್ಕಿಂತ ಜಾಗ ಮುಖ್ಯ. ನೀರು ಹೊರಬೀಳುವ ಕಡೆ, ತೋರಣದ ಎರಡು ತುದಿಗಳಲ್ಲಿ ಮಕರ. ಬಾಗಿಲು, ಗೂಡು, ಕಮಾನುಗಳ ನೆತ್ತಿಯ ಮೇಲೆ ಕೀರ್ತಿಮುಖ. ಭಾರ ಹೊರುವ ಕಂಬದಲ್ಲಿ ಯಾಳಿ. ಜಾಗ ತಪ್ಪಿಸಿ ಇಟ್ಟರೆ ಮೃಗಕ್ಕೆ ಕೆಲಸವಿರುವುದಿಲ್ಲ.

ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ಹಸುವಿನ ಕಿವಿ, ಸುರುಳಿ ಸುತ್ತಿದ ನವಿಲಿನ ಬಾಲ. ಗಂಗೆಗೂ ವರುಣನಿಗೂ ಇದೇ ವಾಹನ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರ, ಮತ್ತೆ ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಎಂಟು ಪಟ್ಟಿಕೆಗಳು ಓಡುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹಳೇಬೀಡಿನ ಆ ಪಟ್ಟಿಕೆಯ ಸಿಂಹವೂ ಒಂದರ್ಥದಲ್ಲಿ ಈಹಾಮೃಗವೇ. ಏಷ್ಯಾದ ಸಿಂಹ ಭಾರತದಲ್ಲಿ ನರ್ಮದೆಯ ಆಚೆಗಷ್ಟೇ ಇದ್ದ ಪ್ರಾಣಿ. ಹೊಯ್ಸಳ ಶಿಲ್ಪಿ ಅದನ್ನು ಕಾಡಿನಲ್ಲಿ ಕಂಡವನಲ್ಲ, ಗ್ರಂಥದಲ್ಲಿ ಕೇಳಿ, ಹಳೆಯ ಶಿಲ್ಪದಲ್ಲಿ ನೋಡಿ ಕೆತ್ತಿದವನು. ಅದರಿಂದಲೇ ಅವನ ಆನೆ ಉಸಿರಾಡುತ್ತದೆ, ಸಿಂಹ ಮಾತ್ರ ಗುಂಗುರು ಕೂದಲಿನ ಆಟಿಕೆಯಂತೆ ಇರುತ್ತದೆ. ಹೊಯ್ಸಳರ ಮೂಲಪುರುಷ ಸಳ ಸೊಸೆವೂರಿನಲ್ಲಿ ಹೊಡೆದ ಮೃಗವನ್ನು ಕಥೆ ಹುಲಿ ಎನ್ನುತ್ತದೆ, ಅವರ ಲಾಂಛನದ ಶಿಲ್ಪದಲ್ಲಿ ಅದು ಸಿಂಹದಂತೆ ಕಾಣುತ್ತದೆ. ಶಾರ್ದೂಲ ಎಂಬ ಮಾತು ಎರಡನ್ನೂ ಒಳಗೊಂಡು ಜಗಳ ತೀರಿಸುತ್ತದೆ.

ಯಾಳಿ, ವ್ಯಾಳ ಎಂದರೆ ಸಿಂಹದ ಮೈಗೆ ಬೇರೆ ಬೇರೆ ಮುಖ ಸೇರಿಸಿದ್ದು. ಮುಖ ಆನೆಯದಾದರೆ ಗಜವ್ಯಾಳ, ಕುದುರೆಯದಾದರೆ ಅಶ್ವವ್ಯಾಳ, ಮನುಷ್ಯನದಾದರೆ ನರವ್ಯಾಳ. ವಿಜಯನಗರದ ಮಂಟಪಗಳಲ್ಲಿ, ಮುಖ್ಯವಾಗಿ ಹಂಪೆಯ ವಿಠ್ಠಲ ಗುಡಿಯಲ್ಲಿ, ಅದು ಹಿಂಗಾಲ ಮೇಲೆ ನಿಂತು ಸವಾರನನ್ನು ಹೊತ್ತಿದೆ. ಕೀರ್ತಿಮುಖಕ್ಕೆ ಸಿಂಹಲಲಾಟ ಎಂದೂ ಹೆಸರು. ಹಸಿವು ತಾಳದೆ ಶಿವನನ್ನು ಆಹಾರ ಕೇಳಿ, ಅವನ ಮಾತಿನಂತೆ ತನ್ನ ಮೈಯನ್ನೇ ಬಾಲದ ತುದಿಯಿಂದ ತಿನ್ನುತ್ತ ಬಂದು ಮುಖ ಮಾತ್ರ ಉಳಿದ ಪ್ರಾಣಿ ಅದು. ಜಾವಾದ ಗುಡಿಗಳಲ್ಲಿ ಅದನ್ನು ‘ಕಾಲ’ ಎಂದು ಕರೆಯುತ್ತಾರೆ; ಮಕರವೂ ಅದರ ಜೊತೆ ಸಮುದ್ರ ದಾಟಿ ಬೊರೊಬುದೂರಿಗೆ ಹೋಗಿದೆ.

ಭೇರುಂಡ ಮತ್ತು ಶರಭ

ಒಂದು ಮೈ, ಎರಡು ತಲೆಯ ಹಕ್ಕಿ ಗಂಡಭೇರುಂಡ. ಪಂಚತಂತ್ರದಲ್ಲಿ ಇದರ ಪೂರ್ವಜ ಸಿಗುತ್ತದೆ: ಒಂದು ತಲೆಗೆ ಸಿಕ್ಕ ಸಿಹಿಹಣ್ಣಿನಲ್ಲಿ ಪಾಲು ಕೊಡಲಿಲ್ಲವೆಂದು ಇನ್ನೊಂದು ತಲೆ ಸಿಟ್ಟಿನಿಂದ ವಿಷ ತಿಂದು, ಎರಡೂ ಸಾಯುತ್ತವೆ. ತಕ್ಷಶಿಲೆಯ ಸಿರ್ಕಪ್ ಸ್ತೂಪದಲ್ಲಿ, ಬೈಜಾಂಟಿಯಮ್ಮಿನ ಲಾಂಛನದಲ್ಲಿ ಎರಡು ತಲೆಯ ಹದ್ದುಗಳಿವೆ. ಕರ್ನಾಟಕದಲ್ಲಿ ಇದಕ್ಕೆ ಪೆದ್ದುತನದ ಕಳಂಕ ಕಳಚಿ ಪರಾಕ್ರಮ ಅಂಟಿತು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಬನವಾಸಿಯ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ಮೇಲೆ ಮನುಷ್ಯನ ಮೈಗೆ ಎರಡು ಹಕ್ಕಿತಲೆ ಇರುವ ಭೇರುಂಡವಿದೆ. ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡು ಹಾರುತ್ತದೆ. ಆಮೇಲೆ ಮೈಸೂರು ಅರಸರ ಲಾಂಛನ, ಈಗ ರಾಜ್ಯ ಸರ್ಕಾರದ್ದು.

ಶರಭಕ್ಕೆ ಎಂಟು ಕಾಲು, ಸಿಂಹವನ್ನೇ ಕೊಲ್ಲುವ ಶಕ್ತಿ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ನರಸಿಂಹನ ಕೋಪ ಇಳಿಯದಿದ್ದಾಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಎಂದು ಶೈವರು ಹೇಳಿದರು. ಹಾಗಾದರೆ ಶರಭವನ್ನು ಅಡಗಿಸಲು ವಿಷ್ಣು ಗಂಡಭೇರುಂಡವಾದ ಎಂದು ವೈಷ್ಣವರು ಉತ್ತರ ಕೊಟ್ಟರು. ಮತಗಳ ಪೈಪೋಟಿ ಪ್ರಾಣಿಗಳ ಹೆಗಲೇರಿತು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಈ ಸರಪಳಿಯ ಕೆತ್ತನೆಯಿದೆ: ಸಣ್ಣ ಪ್ರಾಣಿಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ, ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನಿಂತಿದ್ದಾನೆ. ಈ ಕೆತ್ತನೆಯ ಬಗ್ಗೆ ಆ ಋಷಿಗಿಂತ ಚೆನ್ನಾಗಿ ಯಾರೂ ವ್ಯಾಖ್ಯಾನ ಬರೆದಿಲ್ಲ.

ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎರಡು ಬದಿಗೆ ನಿಂತಿರುವ ಪ್ರಾಣಿಗಳನ್ನು ಶರಭ ಎಂದು ಕರೆಯುವ ರೂಢಿಯಿದೆ. ಆನೆಯ ತಲೆ, ಸಿಂಹದ ಮೈ ಇರುವ ಅವನ್ನು ಶಿಲ್ಪದ ಲೆಕ್ಕದಲ್ಲಿ ಗಜಕೇಸರಿ ಎನ್ನುವುದು ಸರಿ. ಶರಭವೇ ಆದರೆ ಕಥೆಯ ಹಗೆಗಳು ಸರ್ಕಾರಿ ಕಾಗದದ ಮೇಲೆ ರಾಜಿಯಾದವು ಎಂದುಕೊಳ್ಳಬೇಕು. ತೊಂಡೇಬಾವಿಯವರು ಈ ಹಕ್ಕಿಯನ್ನು ಹೆಚ್ಚಾಗಿ ನೋಡುವುದು ಕೆಂಪು ಬಸ್ಸಿನ ಮೇಲೆ, ಪಹಣಿಯಂಥ ಕಂದಾಯದ ಕಾಗದಗಳಲ್ಲಿ. ಆ ಬಸ್ಸುಗಳನ್ನು ಓಡಿಸುವ ಸಾರಿಗೆ ನಿಗಮವೇ ದುಬಾರಿ ಬಸ್ಸಿಗೆ ಇಂದ್ರನ ಆನೆ ಐರಾವತದ ಹೆಸರಿಟ್ಟಿದೆ.

ಭೀಮನ ಎದುರಾಳಿಗಳು

ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಸ್ಥಳೀಯ ನಂಬಿಕೆ. ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಸರದಿಯಂತೆ ತಿನ್ನುತ್ತಿದ್ದ ಬಕಾಸುರನನ್ನು ಭೀಮ ಇಲ್ಲೇ ಕೊಂದು ಬೆಟ್ಟದಡಿ ಹೂತನಂತೆ. ಬಕ ಎಂದರೆ ಕೊಕ್ಕರೆ. ಕೃಷ್ಣನ ಕಥೆಯ ಬಕ ಹಕ್ಕಿಯ ರೂಪದವನು, ಭೀಮನ ಕಥೆಯವನು ಬರೀ ಹೊಟ್ಟೆಬಾಕ; ಹರಿಕಥೆಯಲ್ಲಿ ಇಬ್ಬರೂ ಕಲೆತುಬಿಡುವುದುಂಟು.

ಭೀಮನ ಇನ್ನೊಬ್ಬ ಎದುರಾಳಿ ಪುರುಷಾಮೃಗ: ಮೇಲೆ ಮನುಷ್ಯ, ಕೆಳಗೆ ಮೃಗ, ಮಹಾ ಶಿವಭಕ್ತ. ಧರ್ಮರಾಯನ ಯಾಗಕ್ಕೆ ಅದನ್ನು ಕರೆತರಲು ಹೋದ ಭೀಮನಿಗೆ ಅದು ಒಡ್ಡಿದ ಷರತ್ತು, ನಾನು ಬೆನ್ನಟ್ಟುತ್ತೇನೆ, ಗಡಿ ದಾಟುವ ಮುಂಚೆ ಸಿಕ್ಕರೆ ನೀನು ನನ್ನ ಆಹಾರ ಎಂದು. ಹನುಮಂತ ಕೊಟ್ಟಿದ್ದ ರೋಮಗಳನ್ನು ಭೀಮ ಒಂದೊಂದಾಗಿ ಕೆಳಗೆ ಹಾಕಿದ. ಬಿದ್ದಲ್ಲೆಲ್ಲ ಶಿವಲಿಂಗ ಎದ್ದಿತು. ಮೃಗ ನಿಂತು ಪೂಜೆ ಮುಗಿಸಿ ಮತ್ತೆ ಓಡಿತು. ಕೊನೆಗೆ ಒಂದು ಕಾಲು ಗಡಿಯೊಳಗೆ, ಇನ್ನೊಂದು ಹೊರಗೆ ಇರುವಾಗ ಭೀಮ ಸಿಕ್ಕಿಬಿದ್ದ. ಧರ್ಮರಾಯ ತಮ್ಮನೆಂದು ನೋಡದೆ ಅರ್ಧ ಮೈ ಮೃಗಕ್ಕೆ ಸಲ್ಲಬೇಕೆಂದ. ಆ ನ್ಯಾಯಕ್ಕೆ ಮೆಚ್ಚಿ ಮೃಗ ಭೀಮನನ್ನು ಬಿಟ್ಟಿತು. ದಕ್ಷಿಣದ ಈಹಾಮೃಗಗಳಲ್ಲಿ ನನಗೆ ಇದೇ ಮೇಲು. ಬೇರೆಯವಕ್ಕೆ ಬಲವಿದೆ, ಇದಕ್ಕೆ ಬುದ್ಧಿಯೂ ಭಕ್ತಿಯೂ ಮಾತೂ ಇವೆ. ಒಡಿಶಾದ ಸಾರಳಾದಾಸರ ಮಹಾಭಾರತದಲ್ಲಿ ಒಂಬತ್ತು ಜೀವಿಗಳ ಅಂಗಗಳಿರುವ ನವಗುಂಜರ ಅರ್ಜುನನಿಗೆ ಎದುರಾಗುತ್ತದೆ. ಅದನ್ನು ಇದರ ನೆಂಟನೆನ್ನಬಹುದು.

ನಿಜದ ಮೃಗಗಳು

ಕಲ್ಪನೆಯ ಮೃಗಕ್ಕೆ ಮೈ ಕೊಟ್ಟದ್ದು ನಿಜದವು. ಗೌರಿಬಿದನೂರಿನ ಪಶ್ಚಿಮಕ್ಕೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಅದಕ್ಕೆ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ನದಿಯ ಹೆಸರಿನ ಸಂರಕ್ಷಿತ ಪ್ರದೇಶವೆಂಬ ರಕ್ಷಣೆ ದೊರೆತಿದೆ. ಕೃಷ್ಣಮೃಗ ತಾನಾಗಿ ಓಡಾಡುವ ನೆಲವೇ ಯಜ್ಞಕ್ಕೆ ತಕ್ಕ ನೆಲ ಎಂದು ಮನುಸ್ಮೃತಿ ಹೇಳುತ್ತದೆ. ಹಿಂದೂಪುರದ ಬಳಿಯ ವೀರಾಪುರದ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಬಂದರೆ ಮಳೆ ಬೆಳೆ ಚೆನ್ನ ಎಂದು ಊರಿನವರು ಅವಕ್ಕೆ ಕಲ್ಲೆಸೆಯುವುದಿಲ್ಲ. ಇಲ್ಲಿಯೂ ಪ್ರಾಣಿ ತರುವುದು ನೀರನ್ನೇ.

ಹುಲಿ ಈಗ ಈ ಗುಡ್ಡಗಳಲ್ಲಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಹುಲಿಕುಂಟೆಯಂಥ ಊರಹೆಸರುಗಳಲ್ಲಿ, ಜಾತ್ರೆಯ ಕೀಲುಕುದುರೆಯ ಪಕ್ಕ ಕುಣಿಯುವ ಹುಲಿವೇಷದಲ್ಲಿ, ವೀರಗಲ್ಲುಗಳಲ್ಲಿ ಅದು ಉಳಿದಿದೆ. ದನ ಕಾಯಲು ಹೋಗಿ ಹುಲಿಯೊಡನೆ ಸೆಣಸಿ ಸತ್ತವರ ಕಲ್ಲುಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಲವಿವೆ. ಮನುಷ್ಯನಿಗಷ್ಟೇ ಈ ಗೌರವ ಎಂದೇನಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, 949–50ರ ಸುಮಾರಿನ ಕಲ್ಲು ಕಾಳಿ ಎಂಬ ನಾಯಿಗಾಗಿ ನಿಂತದ್ದು. ದೊಡ್ಡ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತ ಆ ಬೇಟೆನಾಯಿಗೆ ಒಡೆಯ ಮಣಲೆರ ಕಲ್ಲು ನಿಲ್ಲಿಸಿ, ಪೂಜೆಗೆ ಏರ್ಪಾಡು ಮಾಡಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಗರಕಲ್ಲುಗಳ ಮಾತಿಗೆ ಮರಳಿದರೆ, ವಿದುರಾಶ್ವತ್ಥದ ಹಳೆಯ ಮರ 2001ರಲ್ಲಿ ಉರುಳಿತು. ಊರನ್ನು ದೇಶಕ್ಕೆ ಪರಿಚಯಿಸಿದ್ದು 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ನಡೆದ ಗೋಲಿಬಾರು. ನಾಗರಕಲ್ಲುಗಳು ಅದಕ್ಕೂ ಹಿಂದಿನವು, ಈಗಲೂ ಹೊಸವು ಬಂದು ಸೇರುತ್ತಲೇ ಇವೆ. ಆ ಕಲ್ಲುಗಳನ್ನು ನೋಡಿಕೊಳ್ಳಲು ಭಕ್ತರಿದ್ದಾರೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಬಿದ್ದಿರುವ ಹುಲಿಯ ವೀರಗಲ್ಲಿಗೆ ಯಾರೂ ಇಲ್ಲ. ಅಂಥದೊಂದು ನಿಮ್ಮ ಊರಿನಲ್ಲಿ ಕಂಡರೆ ಅದಕ್ಕೆ ಸುಣ್ಣ ಬಳಿಯಬೇಡಿ, ಬಟ್ಟೆ ಒಗೆಯುವ ಕಲ್ಲು ಮಾಡಿಕೊಳ್ಳಬೇಡಿ; ಇದ್ದಲ್ಲೇ ಬಿಟ್ಟು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.